ಬಟ್ಟೆಗೆ ದುಡ್ಡು ಕೊಟ್ರಿ, ಅಳತೆಗೆ ಯಾರು ಕೊಡ್ತಾರೆ?

ಪೋಸ್ಟ್ 1/10

ಫೋಟೋದಲ್ಲಿರೋ ಜೀಪನ್ನ ನಿಮ್ಮಲ್ಲಿ ಕೆಲವರು ಈಗಾಗಲೇ ನೋಡಿರ್ತೀರ. ಹೋದ ವಾರ ಒಂದು ರೀಲ್‌ನಲ್ಲಿ ಬಂದಿತ್ತು. "ಬಟ್ಟೆ ನಂದೇ. ಬರೀ ಬಟನ್ ಹಾಕೋಕೆ ಮೂರೂವರೆ ಸಾವಿರ ಕೇಳ್ತಾನೆ. ಲೂಟಿ!" ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಿಂದೆ ನಗೋ ಸೌಂಡು. ಕೊನೆಗೆ ಒಬ್ಬರು ಕೈಯಲ್ಲಿ ಟೇಪು ಹಿಡ್ಕೊಂಡು ಏನೋ ವಿವರಿಸ್ತಾ ಇರೋದನ್ನ ಮ್ಯೂಟ್ ಮಾಡಿ ಹಾಕಿದ್ರು. ತುಟಿ ಅಲ್ಲಾಡತ್ತೆ, ಮಾತು ಕೇಳಲ್ಲ. ನೋಡಿದವರಿಗೆ ತಮಾಷೆ.

ಆ ಟೇಪು ಹಿಡಿದವರು ನಮ್ಮಪ್ಪ.

ಈ ಪೇಜಿನ ಹಳಬರಿಗೆ ನಮ್ಮ ಅಂಗಡಿ ಗೊತ್ತು. ಸೋಲದೇವನಹಳ್ಳಿ, ಹತ್ತಡಿ ಅಗಲದ ಶೆಟರ್, ಎರಡು ಹೊಲಿಗೆ ಮಷಿನ್, ಮುಂದೆ ಒಂದು ಗಾಡಿ ನಿಲ್ಲೋವಷ್ಟು ಜಾಗ. ಆಟೋ ಟಾಪು, ಸೀಟು, ಜೀಪಿನ ಹುಡ್ಡು, ಡಿಕ್ಕಿ ಕವರ್. ಬೆಳಗ್ಗೆ ಕಾಲೇಜು ಮುಗಿಸಿ ಬಂದು ಲೆಕ್ಕ ಬರೆಯೋದು, ಟೇಪಿನ ಇನ್ನೊಂದು ತುದಿ ಹಿಡಿಯೋದು, ಫೋಟೋ ತೆಗೆದು ಇಲ್ಲಿ ಉದ್ದುದ್ದ ಕ್ಯಾಪ್ಷನ್ ಬರೆಯೋದು ನನ್ನ ಕೆಲಸ. ಈ ಸಲ ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ. ಹತ್ತು ಆಗತ್ತೆ. ಟೀ ತಗೊಂಡು ಕೂತ್ಕೊಳ್ಳಿ.

ಜಗಳ ಆ ಹುಡುಗನ ಜೊತೆ ಅಲ್ಲ. ಅವನು ಮಾಡಿದ್ದನ್ನ ನೋಡಿ "ಸರಿಯಾಗಿ ಹೇಳಿದೆ ಬ್ರೋ" ಅಂತ ಕಾಮೆಂಟ್ ಹಾಕಿದ್ರಲ್ಲ, ಶೇರ್ ಮಾಡಿದ್ರಲ್ಲ, ನಿಮ್ಮ ಜೊತೆ. ನಿಮಗೆ ನಾನು ಹೇಳೋದು ಒಂದೇ ಮಾತು: ಹುಡ್ಡು ಅಂದ್ರೆ ಬಟ್ಟೆ ಅಲ್ಲ, ಅಳತೆ. ಬಟ್ಟೆ ಆನ್‌ಲೈನ್‌ನಲ್ಲಿ ಸಿಗತ್ತೆ. ಅಳತೆ ಸಿಗಲ್ಲ. ಸಿಗದೇ ಇರೋದನ್ನೇ ನೀವು ಪುಕ್ಕಟೆ ಕೇಳ್ತಾ ಇದೀರ.

ಪೋಸ್ಟ್ 2/10

ಫೋಟೋ: ಅದೇ ಜೀಪು, ಹುಡ್ಡು ಇಲ್ಲದೆ.

ಮೊದಲು ಇದು ಎಂಥ ಗಾಡಿ ಅಂತ ತಿಳ್ಕೊಳ್ಳಿ. ಇದು ಶೋರೂಮಿನಿಂದ ಬಂದ ಥಾರ್ ಅಲ್ಲ. ಕಟ್ಟಿದ ಜೀಪು. ಹೊರದೇಶದಲ್ಲಿ ಇಂಥದ್ದಕ್ಕೆ ಕಿಟ್ ಕಾರ್ ಅಂತಾರೆ. ಇಂಗ್ಲೆಂಡಿನಲ್ಲಿ 1957ರಲ್ಲಿ ಲೋಟಸ್ ಸೆವೆನ್ ಅಂತ ಒಂದು ಪುಟ್ಟ ಓಪನ್ ಕಾರು ಬಂತು. ಪೂರ್ತಿ ಕಾರು ತಗೊಂಡ್ರೆ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕು, ಬಿಡಿ ಭಾಗಗಳಾಗಿ ತಗೊಂಡು ಮನೇಲಿ ಜೋಡಿಸ್ಕೊಂಡ್ರೆ ಕಟ್ಟಬೇಕಿರಲಿಲ್ಲ. ಜನ ಪೆಟ್ಟಿಗೆ ತಂದು ಶೆಡ್ಡಲ್ಲಿ ಕಾರು ಕಟ್ಟಿದ್ರು. 1973ರಲ್ಲಿ ವ್ಯಾಟ್ ಬಂತು, ಆ ಲಾಭ ಹೋಯ್ತು. ಬಿಕಾಂನವರಿಗೆ ಇಷ್ಟವಾಗೋ ಕಥೆ ಇದು: ತೆರಿಗೆಯಿಂದ ಹುಟ್ಟಿದ ಕಾರು.

ನಮ್ಮಲ್ಲೂ ಜೀಪು ಅನ್ನೋದು ಶುರುವಾಗಿದ್ದೇ ಜೋಡಣೆಯಿಂದ. 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಬಿಡಿ ಭಾಗಗಳಾಗಿ ಹಡಗಿನಲ್ಲಿ ಬಂದು ಬೊಂಬಾಯಿಯಲ್ಲಿ ಮಹೀಂದ್ರದವರ ಕೈಯಲ್ಲಿ ಗಾಡಿ ಆಯ್ತು. ಇವತ್ತು ಹರಿಯಾಣದ ಮಂಡಿ ಡಬ್ವಾಲಿ ಅನ್ನೋ ಊರು ಇದಕ್ಕೇ ಹೆಸರುವಾಸಿ. ಹಳೇ ಜೀಪಿನ ಚಾಸಿಸ್, ಇನ್ನೊಂದು ಗಾಡಿಯ ಎಂಜಿನ್, ಹೊಸದಾಗಿ ಶೀಟ್ ಬಗ್ಗಿಸಿ ವೆಲ್ಡ್ ಮಾಡಿದ ಬಾಡಿ. ಆರ್ಡರ್ ಕೊಟ್ರೆ ಕಟ್ಟಿ ಕೊಡ್ತಾರೆ. ಬೆಂಗಳೂರಿನ ಗ್ಯಾರೇಜುಗಳಲ್ಲೂ ಕಟ್ಟೋರು ಇದಾರೆ.

ಕೈಯಲ್ಲಿ ಕಟ್ಟಿದ್ದು ಅಂದ್ರೆ ಏನರ್ಥ? ಈ ಜೀಪಿನ ಮುಂದಿನ ಗಾಜಿನ ಫ್ರೇಮಿನಿಂದ ಹಿಂದಿನ ಪೈಪಿಗೆ ನಾನೇ ಟೇಪು ಹಿಡಿದೆ. ಎಡಗಡೆ 58 ಇಂಚು. ಬಲಗಡೆ 58 ಮುಕ್ಕಾಲು. ಕಣ್ಣಿಗೆ ಕಾಣಲ್ಲ. ಓಡಿಸುವಾಗ ಗೊತ್ತಾಗಲ್ಲ. ಬಟ್ಟೆ ಎಳೆದಾಗ ಮಾತ್ರ ಗೊತ್ತಾಗತ್ತೆ. ವೆಲ್ಡ್ ಮಾಡಿದವನು ಬಿಟ್ಟ ತಪ್ಪನ್ನ ಕೊನೆಗೆ ಹುಡ್ಡು ಹೊಲಿಯೋನು ತುಂಬಬೇಕು. ಬೈಗಳೂ ಅವನಿಗೇ.

ಪೋಸ್ಟ್ 3/10

ಫೋಟೋ: ಆನ್‌ಲೈನ್‌ನಿಂದ ಬಂದ ಸೆಟ್ಟು, ನೆಲದ ಮೇಲೆ ಹಾಸಿದ್ದು.

ಹುಡುಗ ಬಂದಿದ್ದು ಮೇ ತಿಂಗಳಲ್ಲಿ, ಸಾಯಂಕಾಲ ದಿನಾ ಮಳೆ ಬೀಳ್ತಿದ್ದ ವಾರ. ಕೈಯಲ್ಲಿ ಒಂದು ದೊಡ್ಡ ಪಾರ್ಸೆಲ್. ಹುಡ್ಡು ಮತ್ತು ಡಿಕ್ಕಿ ಕವರ್, ಎರಡೂ ಸೇರಿ 9,500 ಕೊಟ್ಟಿದ್ದ. ಪ್ಯಾಕೆಟ್ ಮೇಲೆ "ಯೂನಿವರ್ಸಲ್ ಫಿಟ್" ಅಂತ ಇತ್ತು.

"ಅಂಕಲ್, ಎಲ್ಲಾ ಇದೆ. ಬರೀ ಫಿಟ್ ಮಾಡಿ ಕೊಡಿ. ಅರ್ಧ ಗಂಟೆ ಕೆಲಸ."

ಅಪ್ಪ ಇಪ್ಪತ್ತೊಂದು ವರ್ಷದ ಹುಡುಗನಿಗೂ ಸಾರ್ ಅಂತಾರೆ. "ಸಾರ್, ಒಂದ್ಸಲ ಹಾಸಿ ನೋಡ್ತೀನಿ" ಅಂದ್ರು. ಹಾಸಿದ್ರು. ಮುಂದೆ ಗಾಜಿನ ಚಾನೆಲ್‌ಗೆ ಬಟ್ಟೆ ಕೂರಿಸಿದ್ರೆ ಹಿಂದೆ ಬಲಗಡೆ ಒಂದು ಇಂಚು ಸಾಲಲ್ಲ. ಹಿಂದೆ ಸರಿ ಮಾಡಿದ್ರೆ ಮುಂದೆ ಬಾಯಿ ಬಿಡತ್ತೆ. ಎಡಗಡೆ ಬಾಗಿಲ ಮೇಲೆ ಜೋಲಿ. ಬಟನ್ನುಗಳೆಲ್ಲ ಫ್ಯಾಕ್ಟರಿಯಲ್ಲೇ ಹಾಕಿಬಿಟ್ಟಿದ್ರು, ಅದೂ ಸಮ ಅಂತರದಲ್ಲಿ, ಎಲ್ಲೋ ಕಂಪ್ಯೂಟರಿನಲ್ಲಿರೋ ಒಂದು ಆದರ್ಶ ಜೀಪಿಗೆ. ಆ ಜೀಪು ಸೋಲದೇವನಹಳ್ಳಿಗೆ ಬಂದಿರಲಿಲ್ಲ.

ಯೂನಿವರ್ಸಲ್ ಅಂದ್ರೆ ಎಲ್ಲರಿಗೂ ಆಗೋದು ಅಂತ ನೀವು ಓದ್ಕೋತೀರ. ಅಂಗಡಿಯವರು ಓದ್ಕೊಳ್ಳೋದು ಬೇರೆ: ಯಾರಿಗೂ ಪೂರ್ತಿ ಆಗದೇ ಇರೋದು. ಮದುವೆಗೆ "ಯೂನಿವರ್ಸಲ್ ಸೈಜ್" ಬ್ಲೌಸ್ ತಗೊಂಡು ಹೋಗ್ತೀರಾ? ಅಲ್ಲಿ ಟೈಲರ್ ಹತ್ರ ಮೂರು ಸಲ ಟ್ರಯಲ್‌ಗೆ ಹೋಗ್ತೀರ. ಮಳೇಲಿ, ಎಂಬತ್ತು ಸ್ಪೀಡಲ್ಲಿ, ತುಮಕೂರು ರೋಡಲ್ಲಿ ತಲೆ ಮೇಲೆ ಇರಬೇಕಾದ ಬಟ್ಟೆಗೆ ಮಾತ್ರ ಅರ್ಧ ಗಂಟೆ.

ಅಪ್ಪ ಹೇಳಿದ್ದು ಎರಡು ದಾರಿ. ಸೆಟ್ಟು ವಾಪಸ್ ಕಳಿಸಿ, ನಾವೇ ಹೊಸದು ಹೊಲಿದು ಕೊಡ್ತೀವಿ. ಇಲ್ಲಾ ಇದನ್ನೇ ಬಿಚ್ಚಿ, ಪಟ್ಟಿ ಸೇರಿಸಿ, ಗಾಡಿ ಮೇಲೆ ಕೂರಿಸಿ ಕೊಡ್ತೀವಿ, ಮೂರು ದಿನ, 3,500. ಹುಡುಗ ಎರಡನೇದಕ್ಕೆ ಹೂಂ ಅಂದ. ಹೂಂ ಅಂದಿದ್ದು ರೀಲ್‌ನಲ್ಲಿ ಇಲ್ಲ.

ಪೋಸ್ಟ್ 4/10

ಫೋಟೋ: ಚಾಕ್‌ಪೀಸ್ ಗೆರೆಗಳು.

"ಬರೀ ಬಟನ್ ಹಾಕೋದು" ಅಂದವರಿಗೆ, ಬಟನ್‌ಗೆ ಮುಂಚೆ ಏನೇನು ನಡೆಯತ್ತೆ ಅಂತ ಬರೀತೀನಿ. ಬೇಕಾದ್ರೆ ಕಲ್ತು ನೀವೇ ಮಾಡ್ಕೊಳ್ಳಿ, ಗುಟ್ಟೇನಿಲ್ಲ.

ಗಾಡಿ ಸಮ ನೆಲದ ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಬೇಕು. ಜ್ಯಾಕ್ ಮೇಲೆ ಇಟ್ಟು ಅಳೆದ್ರೆ ಬಾಡಿ ತಿರುಚಿಕೊಂಡಿರತ್ತೆ, ಇಳಿಸಿದ ಮೇಲೆ ಅಳತೆ ತಪ್ಪತ್ತೆ. ಬಾಗಿಲು ಹಾಕಿರಬೇಕು. ಗಾಜಿನ ಫ್ರೇಮು ಬೋಲ್ಟ್ ಟೈಟ್ ಆಗಿರಬೇಕು.

ಆಮೇಲೆ ಪೈಪಿನ ಫ್ರೇಮು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಸಲ ಟೇಪು. ಎರಡೂ ಒಂದೇ ಬಂದ್ರೆ ಚೌಕ ಸರಿ. ಇಲ್ಲಾಂದ್ರೆ ಮೊದಲು ಪೈಪು ಎಷ್ಟಾಗತ್ತೋ ಅಷ್ಟು ಸರಿ ಮಾಡಬೇಕು. ಪೈಪಿನ ತಪ್ಪನ್ನ ಬಟ್ಟೇಲಿ ಮುಚ್ಚೋಕೆ ಹೋದ್ರೆ ಮೂರು ತಿಂಗಳಲ್ಲಿ ಹೊಲಿಗೆ ಬಾಯಿ ಬಿಡತ್ತೆ. ಪೈಪು ಸರಿ ಹೋಗದೇ ಉಳಿದ ಮುಕ್ಕಾಲು ಇಂಚಿಗೆ ಮಾತ್ರ ಬಟ್ಟೇಲಿ ಪಟ್ಟಿ.

ಗಾಜಿನ ಫ್ರೇಮಿನ ಮಧ್ಯ, ಪ್ರತಿ ಪೈಪಿನ ಮಧ್ಯ, ಹಿಂದಿನ ಬಾಗಿಲ ಮಧ್ಯ ಚಾಕ್‌ಪೀಸ್ ಗುರುತು. ಬಟ್ಟೆ ಎರಡು ಮಡಿಕೆ ಮಾಡಿ ಅದರ ಮಧ್ಯಕ್ಕೂ ಗುರುತು. ಬಟ್ಟೇನ ಅರ್ಧ ಗಂಟೆ ಬಿಸಿಲಲ್ಲಿ ಹಾಸಬೇಕು. ರೆಕ್ಸಿನ್ ಬೆಚ್ಚಗಾದ್ರೆ ಮೆತ್ತಗಾಗತ್ತೆ, ಎಳೆದ ಹಾಗೆ ಬರತ್ತೆ. ಬೆಳಗಿನ ಚಳಿಯಲ್ಲಿ ಗಟ್ಟಿ ಇರತ್ತೆ, ಮಾತು ಕೇಳಲ್ಲ. ಅದಕ್ಕೇ ಅಪ್ಪ ಹುಡ್ಡಿನ ಕೆಲಸ ಹನ್ನೊಂದು ಗಂಟೆ ಮೇಲೆ ಶುರು ಮಾಡೋದು. ನೀವು ಒಂಬತ್ತಕ್ಕೆ ಬಂದು "ಇನ್ನೂ ಕೈ ಹಚ್ಚಿಲ್ವಾ" ಅಂತೀರ.

ಮೊದಲು ಮುಂದೆ ಕೂರಿಸಿ, ಆಮೇಲೆ ಹಿಂದಕ್ಕೆ ಎಳೀಬೇಕು. ಮಧ್ಯದಿಂದ ಎರಡೂ ಪಕ್ಕಕ್ಕೆ. ಎಲ್ಲಾ ಕ್ಲಿಪ್ಪಿನಲ್ಲಿ ತಾತ್ಕಾಲಿಕವಾಗಿ. ಸುಕ್ಕು ಬಂತಾ? ಆ ಸುಕ್ಕು ಯಾವ ಕಡೆ ಬೆರಳು ತೋರಿಸ್ತಿದೆ ನೋಡಿ ಅಲ್ಲಿ ಬಿಚ್ಚಿ ಮತ್ತೆ ಎಳೀಬೇಕು. ಜೋಡಣೆ ಹೊಲಿಗೆಯ ಮಡಿಕೆ ಹಿಂದಕ್ಕೆ ಮುಖ ಮಾಡಿರಬೇಕು, ಮುಂದಕ್ಕಿದ್ರೆ ಗಾಳಿ ಮಳೆ ಎರಡೂ ಒಳಗೆ. ಈ ಜೀಪಿಗೆ ಹೀಗೆ ಏಳು ಸಲ ಬಿಚ್ಚಿ ಹಾಕಿದ್ರು. ಬಟನ್ನು ಇದೆಲ್ಲಾ ಆದ ಮೇಲೆ.

ಪೋಸ್ಟ್ 5/10

ಫೋಟೋ: ಡಿಕ್ಕಿ ಕವರ್, ಕೆಳಗೆ ಬಗ್ಗಿಸಿದ ಪೈಪು.

ಡಿಕ್ಕಿ ಕವರ್ ಬಗ್ಗೆ ಯಾರೂ ಮಾತಾಡಲ್ಲ. ಹುಡ್ಡು ಫೋಟೋಗೆ ಬರತ್ತೆ, ಇದು ಬರಲ್ಲ. ಹಿಂದೆ ಇಟ್ಟ ಬ್ಯಾಗು, ಲ್ಯಾಪ್‌ಟಾಪು, ಸ್ಟೆಪ್ನಿ ಟೂಲ್ಸ್ ಎಲ್ಲಾ ಒಣಗಿರೋದು ಇದರ ದಯೆಯಿಂದ.

ಆ ಸೆಟ್ಟಿನಲ್ಲಿ ಬಂದಿದ್ದು ಚಪ್ಪಟೆ ಬಟ್ಟೆ, ಸುತ್ತ ಬಟನ್ನು, ಅಷ್ಟೇ. ಒಂದು ಲೆಕ್ಕ ಹಾಕಿ. ನಾಲ್ಕಡಿ ಅಗಲ, ಮೂರಡಿ ಉದ್ದ. ಮಳೆ ಬಂದು ಸರಾಸರಿ ಒಂದೇ ಒಂದು ಇಂಚು ನೀರು ನಿಂತರೆ ಒಂದು ಘನ ಅಡಿ. ಅಂದ್ರೆ ಸುಮಾರು 28 ಲೀಟರ್. 28 ಕೆಜಿ. ಅಕ್ಕಿ ಮೂಟೆ ಒಂದನ್ನ ಪ್ರೆಸ್ ಬಟನ್ನಿಗೆ ನೇತು ಹಾಕಿದ ಹಾಗೆ. ಬಟನ್ನು ಕಿತ್ಕೊಂಡು ಬರತ್ತೆ, ಬಟ್ಟೆ ಹರಿಯತ್ತೆ, ನೀರೆಲ್ಲಾ ಬ್ಯಾಗಿನ ಮೇಲೆ. ಆಮೇಲೆ "ಫಿಟ್ಟಿಂಗ್ ಸರಿ ಇಲ್ಲ" ಅಂತ ಬರ್ತೀರ.

ಅಪ್ಪ ಮಾಡಿದ್ದು: ಅಡಿಯಲ್ಲಿ ಒಂದು ತೆಳು ಪೈಪನ್ನ ಬಿಲ್ಲಿನ ಹಾಗೆ ಬಗ್ಗಿಸಿ ಇಟ್ರು. ಬಟ್ಟೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ನೀರು ನಿಲ್ಲಲ್ಲ, ಜಾರಿ ಹೋಗತ್ತೆ. ಆ ಪೈಪು ನಮ್ಮ ಹಳೇ ಆಟೋ ಟಾಪಿಂದು. ಬಿಲ್ಲಿನಲ್ಲಿ ಹಾಕಲೇ ಇಲ್ಲ.

ಬಟನ್ನಿನ ಕ್ರಮಕ್ಕೂ ಲೆಕ್ಕ ಇದೆ. ಮುಂದಿನ ಅಂಚಿನ ಮಧ್ಯದಲ್ಲಿ ಮೊದಲನೇದು. ಆಮೇಲೆ ಅದರ ಎದುರು, ಹಿಂದಿನ ಅಂಚಿನ ಮಧ್ಯ. ಆಮೇಲೆ ಎಡಕ್ಕೊಂದು ಬಲಕ್ಕೊಂದು. ಮೂಲೆಗಳು ಕೊನೆಗೆ. ಒಂದೊಂದು ಸಲಕ್ಕೂ ಬಟ್ಟೆ ಎಳೆದು, ಗುರುತು ಮಾಡಿ, ಬಾಡಿಗೆ ಡ್ರಿಲ್. ಆ ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸಬೇಕು, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ತುಕ್ಕು ಶುರು.

ಬಟ್ಟೆ ತಪ್ಪಾದ್ರೆ ಬಿಚ್ಚಿ ಹೊಲೀಬಹುದು. ಬಾಡಿಗೆ ಹಾಕಿದ ತೂತು ವಾಪಸ್ ಬರಲ್ಲ. ಈ ಗಾಡಿಗೆ ಒಟ್ಟು 42 ಬಟನ್ನು. 42 ಸಲ ಅಪ್ಪ ಉಸಿರು ಹಿಡಿದಿದ್ದನ್ನ ನಾನು ನೋಡಿದೀನಿ.

ಪೋಸ್ಟ್ 6/10

ಫೋಟೋ: ನನ್ನ ಲೆಕ್ಕದ ಪುಸ್ತಕ. ಅಕ್ಷರ ಕೆಟ್ಟದಾಗಿದೆ, ಕ್ಷಮಿಸಿ.

ಈಗ ನನ್ನ ಸಬ್ಜೆಕ್ಟು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕಾಸ್ಟ್ ಶೀಟ್ ಬರೆಯೋದು ಕಲಿಸ್ತಾರೆ. ಪರೀಕ್ಷೆಗೆ ಯಾವುದೋ ಕಾಲ್ಪನಿಕ ಕಾರ್ಖಾನೆಯ ಲೆಕ್ಕ ಕೊಡ್ತಾರೆ. ನಾನು ನಮ್ಮಪ್ಪನ ಈ ಒಂದು ಕೆಲಸಕ್ಕೆ ಬರೆದೆ.

ಸಾಮಾನು: ಪಟ್ಟಿಗೆ ಕ್ಯಾನ್ವಾಸ್, 42 ಬಟನ್ನು, ದಾರ, ಸಲ್ಯೂಷನ್, ಒಂದು ಜಿಪ್ಪು. 780 ರೂಪಾಯಿ.
ಸಹಾಯಕನ ಕೂಲಿ: 11 ಗಂಟೆ, ಗಂಟೆಗೆ 75. ಒಟ್ಟು 825.
ಅಂಗಡಿ ಬಾಡಿಗೆ: ತಿಂಗಳಿಗೆ 11,000, 26 ದಿನ ಕೆಲಸ, ದಿನಕ್ಕೆ 423. ಮೂರು ದಿನಕ್ಕೆ 1,269. ಆ ದಿನಗಳಲ್ಲಿ ಬೇರೆ ಕೆಲಸವೂ ನಡೀತು, ಅದಕ್ಕೆ ಅರ್ಧ ಮಾತ್ರ ಹಿಡಿದೆ. 635.

ಒಟ್ಟು 2,240. ಕರೆಂಟು, ಮಷಿನ್ ಸವಕಳಿ, ಸೂಜಿ ಮುರಿದಿದ್ದು, ಆ ಪೈಪು ಯಾವುದೂ ಸೇರಿಲ್ಲ.

ಅಪ್ಪ ಕೇಳಿದ್ದು 3,500. ಉಳಿಯೋದು 1,260. ಅಪ್ಪ ಈ ಜೀಪಿನ ಮೇಲೆ ಕೂತಿದ್ದು 19 ಗಂಟೆ, ನಾನೇ ಬರೆದಿಟ್ಟಿದೀನಿ. ಭಾಗಿಸಿ ನೋಡಿ. ಗಂಟೆಗೆ 66 ರೂಪಾಯಿ.

ಇಪ್ಪತ್ತೆರಡು ವರ್ಷ ಅನುಭವ ಇರೋ ಮೇಸ್ತ್ರಿಗೆ 66. ಅವರ ಕೈ ಕೆಳಗಿನ ಹುಡುಗನಿಗೆ 75. "ಲೂಟಿ" ಹೊಡೆದ ಮೇಲೂ ಲೆಕ್ಕ ಇದು.

ಈಗ ಕ್ಲೈಮ್ಯಾಕ್ಸು. ಹುಡುಗ ಕೊಟ್ಟಿದ್ದು 1,000. "ಮಿಕ್ಕಿದ್ದು ಆಮೇಲೆ ಹಾಕ್ತೀನಿ ಅಂಕಲ್" ಅಂತ ಗಾಡಿ ತಗೊಂಡು ಹೋಗಿ ರೀಲ್ ಹಾಕಿದ. ಅಂದ್ರೆ ಅಪ್ಪನ 19 ಗಂಟೆಗೆ ಸೊನ್ನೆ ಹಾಕಿದ್ರೂ ಕೈಯಿಂದ 1,240 ಹೋಯ್ತು. ಅವನ ಗಾಡಿ ಒದ್ದೆಯಾಗದೇ ಇರಲಿ ಅಂತ ದುಡ್ಡು ಕೊಟ್ಟವರು ನಾವು. ಲೂಟಿ ಆದವರು ಯಾರು ಅಂತ ಇನ್ನೊಮ್ಮೆ ಯೋಚನೆ ಮಾಡಿ.

ಪೋಸ್ಟ್ 7/10

ಫೋಟೋ: ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಿಂದಿನ ಪ್ಲಾಸ್ಟಿಕ್ ಕಿಟಕಿ. ಇದು ನಮ್ಮದೇ ಕೆಲಸ.

ಕಾಮೆಂಟಿನಲ್ಲಿ ಬಂದ ಮಾತುಗಳಿಗೆ ಒಂದೊಂದಾಗಿ ಉತ್ತರ.

"ಆನ್‌ಲೈನ್ ಸೆಟ್ ಎಲ್ಲಾ ಕೆಟ್ಟದ್ದಾ?" ಅಲ್ಲ. ನಿಮ್ಮದು ಕಂಪನಿ ಗಾಡಿ ಆಗಿದ್ರೆ, ಅದೇ ಮಾಡೆಲ್‌ಗೆ ಅಂತ ಮಾಡಿದ ಸೆಟ್ ತಗೊಂಡ್ರೆ, ಚೆನ್ನಾಗೇ ಕೂರಬಹುದು. ಫ್ಯಾಕ್ಟರಿಯ ಬಾಡಿಗೆ ಫ್ಯಾಕ್ಟರಿಯ ಬಟ್ಟೆ. ಮನೇಲೇ ಹಾಕ್ಕೊಳ್ಳಿ, ನಮಗೆ ಬೇಜಾರಿಲ್ಲ. ಕೈಯಲ್ಲಿ ಕಟ್ಟಿದ ಗಾಡಿಗೆ ಮಾತ್ರ ಕೈಯೇ ಬೇಕು.

"ಯೂಟ್ಯೂಬ್‌ನಲ್ಲಿ ಇಪ್ಪತ್ತು ನಿಮಿಷದಲ್ಲಿ ಹಾಕ್ತಾರೆ." ಯೂಟ್ಯೂಬ್‌ನಲ್ಲಿ ಮದುವೆ ಊಟಕ್ಕೆ ಹದಿನೈದು ನಿಮಿಷ. ಮನೇಲಿ ಮಾಡಿ ನೋಡಿ.

"ಜೆ.ಸಿ. ರೋಡಲ್ಲಿ ಕಮ್ಮಿ." ಹೋಗಿ. ಅಲ್ಲಿ ಒಳ್ಳೇ ಕೆಲಸಗಾರರು ಇದಾರೆ, ಅಪ್ಪ ಕಲ್ತಿದ್ದೂ ಅಲ್ಲೇ. ಅವರ ಹತ್ರಾನೂ ಇದೇ ಥರ ಚೌಕಾಸಿ ಮಾಡಿ ಅರ್ಧ ಬಾಕಿ ಇಟ್ಟು ಬರಬೇಡಿ, ಅಷ್ಟೇ.

"ನಿಮ್ಮಪ್ಪ ಏನು ದೇವರಾ?" ಖಂಡಿತ ಅಲ್ಲ. ಮಗಳಾಗಿ ನಾನೇ ಹೇಳ್ತೀನಿ. ಅಪ್ಪ "ನಾಳೆ ಬನ್ನಿ ಸಾರ್" ಅಂದ್ರೆ ನಾಡಿದ್ದು ಅಂತ ಅರ್ಥ. ಈ ವರ್ಷದವರೆಗೂ ಯಾರಿಗೂ ಸರಿಯಾಗಿ ಬಿಲ್ಲು ಕೊಟ್ಟವರಲ್ಲ, ಬಾಯಿ ಮಾತಲ್ಲೇ ರೇಟು. ಈ ಫೋಟೋದ ಕಿಟಕಿಗೆ ಅಗ್ಗದ ಪ್ಲಾಸ್ಟಿಕ್ ಹಾಕಿದ್ರು, ಒಂದೇ ಬೇಸಿಗೆಗೆ ಹಳದಿಯಾಯ್ತು, ಹಿಂದೆ ಬರೋ ಗಾಡಿ ಕಾಣಲ್ಲ. ಗಿರಾಕಿ ಬಂದು ಬೈದ್ರು. ಬೈದಿದ್ದು ಸರಿ. ಪುಕ್ಕಟೆ ಬದಲಾಯಿಸಿ ಕೊಟ್ಟಿದ್ದೂ ಸರಿ.

ತಪ್ಪು ತೋರಿಸಿ, ಮುಖಕ್ಕೇ ಹೇಳಿ, ಬೇಕಾದ್ರೆ ಕೂಗಾಡಿ. ಅದು ವ್ಯವಹಾರ. ಹೂಂ ಅಂದು ಕೆಲಸ ಮಾಡಿಸ್ಕೊಂಡು, ದುಡ್ಡು ಉಳಿಸ್ಕೊಂಡು, ಮಾತು ಮ್ಯೂಟ್ ಮಾಡಿ ನಗೋದು ವ್ಯವಹಾರ ಅಲ್ಲ.

ಪೋಸ್ಟ್ 8/10

ಫೋಟೋ: ಅಂಗಡಿ ಗೋಡೆಗೆ ನಾನು ಅಂಟಿಸಿದ ಚೀಟಿ. "ಆರ್‌ಸಿ ತೋರಿಸಿ."

ನಮ್ಮ ಇನ್ನೊಂದು ತಪ್ಪನ್ನೂ ಒಪ್ಕೋತೀನಿ. ಆ ಜೀಪಿನ ಆರ್‌ಸಿ ನಾವು ನೋಡಲಿಲ್ಲ. ನೋಡಬೇಕಿತ್ತು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹುಡ್ಡು ಅನ್ನೋದೇ ತಪ್ಪು ಅಂತಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಸಾಫ್ಟ್ ಟಾಪಿನಲ್ಲೂ ಸಿಗ್ತಿತ್ತು. 2010ರ ಥಾರ್ ಬಟ್ಟೆ ಟಾಪಿನಲ್ಲೇ ಬಂತು, 2020ರ ಥಾರ್‌ಗೂ ಆ ಆಯ್ಕೆ ಇತ್ತು. ಅಂಥ ಗಾಡಿಯ ಬಟ್ಟೆ ಹರಿದಾಗ ಅದೇ ಥರ ಹೊಸದು ಹೊಲಿದು ಹಾಕೋದು ರಿಪೇರಿ. ಕಬ್ಬಿಣದ ಟಾಪು ಇರೋ ಗಾಡಿ ತಂದು "ಕಟ್ ಮಾಡಿ ಹುಡ್ಡು ಹಾಕಿ" ಅನ್ನೋದು ಬೇರೆ. ನಮ್ಮ ಅಂಗಡಿಯಲ್ಲಿ ಗೆರೆ ಅಲ್ಲಿಗೆ ಎಳೆದಿದೀವಿ. ಈ ವರ್ಷ ಅಂಥ ಎರಡು ಕೆಲಸ ಅಪ್ಪ ವಾಪಸ್ ಕಳಿಸಿದ್ರು. ಎರಡೂ ದೊಡ್ಡ ದುಡ್ಡಿನವು.

ಅಂದಹಾಗೆ ಬಟ್ಟೆ ಟಾಪು ಮಳೆಗೆ, ಬಿಸಿಲಿಗೆ. ಗಾಡಿ ಮಗುಚಿದ್ರೆ ಅದು ತಲೆ ಕಾಯಲ್ಲ. ಭಾನುವಾರ ಹೆಸರಘಟ್ಟದ ಹುಲ್ಲುಗಾವಲ ಕಡೆ ಹುಡ್ಡು ಬಿಚ್ಚಿ, ಸೀಟ್ ಮೇಲೆ ನಿಂತು ಶೂಟ್ ಮಾಡೋ ನೀವೆಲ್ಲ ಬೆಲ್ಟ್ ಹಾಕ್ಕೊಳ್ಳಿ. ಇದಕ್ಕೂ ನಾನು ಬಿಲ್ ಹಾಕಲ್ಲ.

ಪೋಸ್ಟ್ 9/10

ಫೋಟೋ ಇಲ್ಲ. ತೆಗೆಯೋಕೆ ಮನಸ್ಸಾಗಲಿಲ್ಲ, ಬರೀ ಕಪ್ಪು ಚೌಕ.

ರೀಲ್ ಬಂದ ಮರುದಿನ ಇನ್ನೊಬ್ಬರು ಜೀಪು ತಂದ್ರು. ಪೂರ್ತಿ ಹುಡ್ಡು ಬಿಚ್ಚಿ ಕೂರಿಸೋ ಕೆಲಸ. ಅಪ್ಪ ಮಾಮೂಲಿ 4,000 ಹೇಳ್ತಾರೆ. ಅವತ್ತು ಗಾಡಿ ಸುತ್ತ ಎರಡು ಸಲ ಓಡಾಡಿದ್ರು. ಆ ಗಿರಾಕಿ ಕೈಯಲ್ಲಿದ್ದ ಫೋನ್ ಕಡೆ ನೋಡಿದ್ರು. "2,200 ಕೊಡಿ ಸಾರ್" ಅಂದ್ರು.

ನಾನು ಪಕ್ಕದಲ್ಲೇ ಇದ್ದೆ. ಗಿರಾಕಿ ಚೌಕಾಸಿ ಮಾಡಿರಲಿಲ್ಲ. ಬಾಯೇ ತೆರೆದಿರಲಿಲ್ಲ. ಫೋನಲ್ಲಿ ಬಹುಶಃ ಮೆಸೇಜ್ ನೋಡ್ತಿದ್ರು ಅಷ್ಟೇ. ಅಪ್ಪ ತಮ್ಮ ಕೆಲಸದ ಬೆಲೆ ತಾವೇ ಅರ್ಧ ಮಾಡ್ಕೊಂಡ್ರು, ಇನ್ನೊಂದು ರೀಲ್ ಬರಬಾರದು ಅಂತ. ನಿಮ್ಮ ನಗು ಎಲ್ಲಿಗೆ ಬಂದು ತಲುಪತ್ತೆ ಅಂತ ಗೊತ್ತಾಯ್ತಾ?

ನಮ್ಮ ಹತ್ರ ನಾಲ್ಕು ವರ್ಷದಿಂದ ರಾಯಚೂರು ಕಡೆ ಹುಡುಗ ಒಬ್ಬ ಇದಾನೆ. ಈಗಷ್ಟೇ ಸುಕ್ಕು ನೋಡಿ ಎಲ್ಲಿ ಎಳೀಬೇಕು ಅಂತ ಹೇಳೋ ಮಟ್ಟಕ್ಕೆ ಬಂದಿದಾನೆ. ರಾತ್ರಿ ಶೆಟರ್ ಎಳೆಯೋವಾಗ ಕೇಳಿದ: "ಅಕ್ಕಾ, ನಾನು ಡೆಲಿವರಿಗೆ ಹೋಗ್ಲೇನು? ಇಲ್ಲಿ ಮೇಸ್ತ್ರಿಗೇ ಹಿಂಗಾದ್ರ..." ನನ್ನ ಹತ್ರ ಉತ್ತರ ಇರಲಿಲ್ಲ. ಆ 66 ರೂಪಾಯಿ ಲೆಕ್ಕ ಅವನೂ ನೋಡಿದಾನೆ.

ಸರ್ಕಾರದ ಪಟ್ಟೀಲೂ ಈ ಕೆಲಸಕ್ಕೆ ಹೆಸರಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಇದೆ. ದರ್ಜಿ ಇದಾನೆ, ದೋಣಿ ಮಾಡೋನು ಇದಾನೆ, ಮೀನಿನ ಬಲೆ ಹೆಣೆಯೋನು ಇದಾನೆ. ಗಾಡಿಗೆ ಹುಡ್ಡು ಹೊಲಿಯೋನು ಇಲ್ಲ. ದರ್ಜಿ ಅಂತ ಬರೆಸೋಣ ಅಂದೆ. "ನಾನು ಬ್ಲೌಸ್ ಹೊಲಿಯಲ್ಲಮ್ಮ" ಅಂದ್ರು ಅಪ್ಪ. ಹೆಮ್ಮೆಯೋ ಹಠವೋ, ಎರಡೂ ಇರಬೇಕು.

ಪಟ್ಟೀಲಿ ಇಲ್ಲದ ಕಸುಬಿಗೆ ಇರೋದು ಗಿರಾಕಿ ಒಬ್ಬನೇ. ಅಂದ್ರೆ ನೀವು.

ಪೋಸ್ಟ್ 10/10

ಫೋಟೋ: ಹೊಸ ಬಿಲ್ ಬುಕ್ಕು. ಮೊದಲನೇ ಹಾಳೆ.

ಇನ್ಮೇಲೆ ನಮ್ಮಲ್ಲಿ ಹೀಗೆ. ಬಿಲ್ಲಿನಲ್ಲಿ ಎರಡು ಸಾಲು: ಒಂದು ಬಟ್ಟೆ ಮತ್ತು ಸಾಮಾನು, ಇನ್ನೊಂದು ಅಳತೆ ಮತ್ತು ಫಿಟ್ಟಿಂಗ್. ನೀವು ಬಟ್ಟೆ ತಂದ್ರೆ ಮೊದಲನೇ ಸಾಲು ಹೋಗತ್ತೆ, ಎರಡನೇದು ಹೋಗಲ್ಲ. ಅಳತೆ ತೆಗೆದು ರೇಟ್ ಹೇಳೋಕೆ 200 ರೂಪಾಯಿ, ಕೆಲಸ ಕೊಟ್ರೆ ಬಿಲ್ಲಿನಲ್ಲಿ ಕಳೀತೀವಿ. ರೇಟು ಮೊದಲೇ ಬರೆದು ಕೊಡ್ತೀವಿ. ಹೆಚ್ಚು ಅನ್ನಿಸಿದ್ರೆ ಆ ಚೀಟಿ ಜೇಬಲ್ಲಿಟ್ಕೊಂಡು ಬೇರೆ ಕಡೆ ಹೋಗಿ, ಯಾರೂ ಮುಖ ಸಿಂಡರಿಸಲ್ಲ. ಹೇಳಿದ ದಿನಕ್ಕೆ ಕೊಡೋ ಜವಾಬ್ದಾರಿ ನಂದು. ಅಪ್ಪನ "ನಾಳೆ"ಗೆ ನಾನು ತಾರೀಖು ಬರೀತೀನಿ.

ನಿಮ್ಮ ಊರಲ್ಲಿ, ನಿಮ್ಮ ಬೀದೀಲಿ ಯಾರ ಹತ್ರ ಮಾಡಿಸಿದ್ರೂ ಇಷ್ಟು ಮಾಡಿ. ಫೋಟೋ ಕಳಿಸಿ ರೇಟ್ ಕೇಳಬೇಡಿ, ಗಾಡಿ ತಗೊಂಡು ಹೋಗಿ. ಬಟ್ಟೆ ಆರ್ಡರ್ ಮಾಡೋ ಮುಂಚೆ ಫಿಟ್ ಮಾಡೋರನ್ನ ಕೇಳಿ. ಹೂಂ ಅಂದ ಮೇಲೆ ಪೂರ್ತಿ ಕೊಡಿ. ಬಟನ್ ಬಿಚ್ಚುವಾಗ ಬಟನ್ನಿನ ಬುಡ ಹಿಡಿದು ಎತ್ತಿ, ಬಟ್ಟೆ ಎಳೀಬೇಡಿ. ಪ್ಲಾಸ್ಟಿಕ್ ಕಿಟಕೀನ ಮಡಚಬೇಡಿ, ಒಣ ಬಟ್ಟೇಲಿ ಉಜ್ಜಬೇಡಿ, ನೀರು ಹಾಕಿ ತೊಳೀರಿ.

ಕೊನೇದಾಗಿ ಆ ರೀಲ್ ಹಾಕಿದ ಹುಡುಗನಿಗೆ. ನಿನ್ನ ಹೆಸರು, ಕಾಲೇಜು, ನಂಬರ್ ಪ್ಲೇಟು ಯಾವುದನ್ನೂ ನಾನು ಇಲ್ಲಿ ಹಾಕಿಲ್ಲ, ಹಾಕೋದೂ ಇಲ್ಲ. ಯಾರೂ ಹುಡುಕ್ಕೊಂಡು ಹೋಗಿ ಬೈಯೋದೂ ಬೇಡ. ಬಾಕಿ 2,500. ಒಂದೇ ಸಲ ಆಗ್ದಿದ್ರೆ ಎರಡು ಸಲ ಕೊಡು. ಆರ್‌ಸಿ ತೋರಿಸು, ಎಡಗಡೆ ಬಾಗಿಲ ಮೇಲೆ ಒಂದು ಹೊಲಿಗೆ ಇನ್ನೂ ಬಾಕಿ ಇದೆ, ಹಾಕಿ ಕೊಡ್ತಾರೆ.

ರೀಲ್ ಡಿಲೀಟ್ ಮಾಡೋದು ಬೇಡ. ಮ್ಯೂಟ್ ತೆಗಿ ಸಾಕು. ಆವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನಾನೇ, ಅಪ್ಪ ಏನು ಹೇಳ್ತಿದ್ರು ಅಂತ ನನಗೆ ಗೊತ್ತು. "ಸಾರ್, ಇಲ್ಲಿ ನೋಡಿ, ಬಲಗಡೆ ಮುಕ್ಕಾಲು ಇಂಚು ಜಾಸ್ತಿ ಇದೆ. ಹಂಗೇ ಹಾಕಿದ್ರೆ ಮಳೇಲಿ ನಿಮ್ಮ ತಲೆ ಮೇಲೇ ಸುರಿಯತ್ತೆ."

#ಸೋಲದೇವನಹಳ್ಳಿ #ಹೆಸರಘಟ್ಟರೋಡ್ #ಜೀಪ್‌ಹುಡ್ #ಡಿಕ್ಕಿಕವರ್ #ಅಳತೆಗೂದುಡ್ಡುಕೊಡಿ